ಅನುಭವ: ಇಲ್ಲ

ಬುಧವಾರ, ಊಟಕ್ಕೆ ಮುಂಚಿನ ಪೀರಿಯಡ್ಡು.
ಟೈಂಟೇಬಲ್ಲಿನಿಂದ ಹೊಯ್ಸಳರನ್ನು ಹೊಡೆದುಹಾಕಿ
ಪ್ರಿನ್ಸಿಪಾಲರು ಕೆಂಪು ಶಾಯಿಯಲ್ಲಿ ಬರೆದರು:
ಉದ್ಯೋಗ ಕೌಶಲ. ಎರಡು ಕ್ರೆಡಿಟ್ಟು.
ಯಾರಿಗೆ ಕೊಡೋದು ಅಂತ ಸ್ಟಾಫ್ ರೂಮು ಸುತ್ತಿ
ನನ್ನ ಕುರ್ಚಿಯ ಹತ್ತಿರ ನಿಂತರು.
ಕುರ್ಚಿಯೂ ನನ್ನದಲ್ಲ, ಹೆರಿಗೆ ರಜೆಯಲ್ಲಿರುವವರದು.

ಹೀಗೆ, ಮಂಡ್ಯದ ಈ ಕಾಲೇಜಿಗೆ ಒಂಬತ್ತು ವರ್ಷದಿಂದ
ಅತಿಥಿ ಉಪನ್ಯಾಸಕಿಯಾದ ನಾನು,
ಅತಿಥಿಗೆ ನಮ್ಮಲ್ಲಿ ಎಲೆ ಹಾಕಿ ಬಡಿಸುತ್ತಾರೆ,
ಇಲ್ಲಿ ಪರೀಕ್ಷೆ ಬಂದರೆ ಎಲೆ ಎತ್ತುತ್ತಾರೆ,
ಬೋರ್ಡಿನ ಮೇಲೆ ಬರೆದೆ:
ಕಾಯಂ ಕೆಲಸ ಪಡೆಯುವುದು ಹೇಗೆ.

ಯಾರೂ ನಗಲಿಲ್ಲ. ಬಿ.ಎ. ಎರಡನೇ ವರ್ಷ, ಒಳ್ಳೆಯ ಮಕ್ಕಳು.

ಬಯೋಡೇಟಾದ ಹಾಳೆ ಹಂಚಿದೆ.
ಹವ್ಯಾಸ: ಎಲ್ಲರದೂ ಕ್ರಿಕೆಟ್ಟು.
ಒಬ್ಬಳು ಮಾತ್ರ ನಿದ್ದೆ ಅಂತ ಬರೆದು ಗೀಚಿದ್ದಳು.
ಅನುಭವ ಅನ್ನುವ ಖಾನೆಯಲ್ಲಿ
ನಲವತ್ತೊಂದು ಹಾಳೆ, ನಕಲು ಹೊಡೆದ ಹಾಗೆ
ಇಲ್ಲ. ಇಲ್ಲ. ಇಲ್ಲ.

ಹಿಂದಿನ ಬೆಂಚಿನಲ್ಲಿ ಜವರೇಶ ತೂಕಡಿಸುತ್ತಿದ್ದ.
ರಾತ್ರಿ ಎಲ್ಲಿಗೋ ಹೋಗಿದ್ದೆ?
'ಆಲೆಮನೇಗೆ ಮೇಡಂ. ಮಾವುಂದು. ಪಾಕ ಇಳ್ಸೋನು ಬಂದಿರ್ನಿಲ್ಲ.'
ನೀನು ಇಳಿಸ್ತೀಯಾ?
'ಒಂಬತ್ನೇ ಕ್ಲಾಸಿಂದ್ಲೂ.'
ಹದ ಹೇಗೆ ಗೊತ್ತಾಗುತ್ತೆ?
ಅವನು ಆ ವರ್ಷ ಮೊದಲ ಸಲ ನೆಟ್ಟಗೆ ಕೂತ.
'ಗುಳ್ಳೆ ನೋಡ್ಬೇಕು. ಮೊದ್ಲು ಸಾಸ್ವೆಯಂಗೆ ಕುದೀತದೆ,
ಆಮೇಲೆ ಎಮ್ಮೆ ಕಣ್ಣಂಗೆ ಒಂದೊಂದೇ ಬುಡ್ತದೆ.
ನೀರ್ಗೆ ಒಸಿ ಹಾಕಿ, ಉಂಡೆ ಕಟ್ಟಿ
ಕೊಪ್ಪರ್ಗೆ ಅಂಚಿಗೆ ಹೊಡುದ್ರೆ ಟಣ್ ಅನ್ಬೇಕು.
ತಟ್ ಅಂದ್ರೆ ಇನ್ನೂ ಹಸಿ.
ಟಣ್ ಅಂದ್ಮೇಲೆ ಯಾರ್ನೂ ಕೇಳಂಗಿಲ್ಲ ಮೇಡಂ,
ನಾಕ್ ಜನ ಒಟ್ಗೆ ಕೈ ಹಾಕ್ಬೇಕು.
ಒಬ್ಬ ತಡ ಮಾಡುದ್ರೆ ಇಡೀ ಅಡ್ಗೆ ಸೀದೋಯ್ತದೆ.'

ನನ್ನ ಕೈಪಿಡಿಯ ಹನ್ನೊಂದನೇ ಪುಟ
ತಂಡದ ಕೆಲಸ, ಸಮಯಪ್ರಜ್ಞೆ, ಒತ್ತಡದಲ್ಲಿ ನಿರ್ಧಾರ
ಇವನ್ನು ಬಲೂನು ಊದಿಸಿ ಕಲಿಸಲು ಹೇಳುತ್ತದೆ.
ಬಲೂನಿನ ಬಿಲ್ಲು ಇನ್ನೂ ಪಾಸಾಗಿರಲಿಲ್ಲ.

ಬರಿ ಅದನ್ನ, ಅನುಭವದಲ್ಲಿ, ಅಂದೆ.
ಅವನು ನನ್ನ ಮುಖವನ್ನೇ ನೋಡಿದ, ಗುಳ್ಳೆ ನೋಡುವವನ ಹಾಗೆ.
'ಅದುನ್ನ ಬುಟ್ಟು ಬರಕ್ಕೇ ಅಲ್ವಾ ಮೇಡಂ, ಕಾಲೇಜ್ ಸೇರಿರಾದು?'

ಕ್ಲಾಸು ತಣ್ಣಗಾಯಿತು.
ನಾಜಿಮಾ ತನ್ನ ಹಾಳೆ ವಾಪಸು ಎಳೆದುಕೊಂಡು
ಇಲ್ಲದ ಪಕ್ಕದಲ್ಲಿ ಪೆನ್ನು ಊರಿದಳು, ಬರೆಯಲಿಲ್ಲ.
ಭಾನುವಾರ ಅವಳು ಕಾಲರು ಹೊಲಿಯುವುದು ನನಗೆ ಗೊತ್ತು.
ಯಾರಿಗೂ ಹೇಳಬೇಡಿ ಅಂದಿದ್ದಳು.

'ನಿಮ್ದು ತೋರ್ಸಿ ಮೇಡಂ, ನೋಡ್ಕಂಡು ಬರೀತೀವಿ.'
ಯಾರೋ ಕಿಟಕಿಯ ಕಡೆಯಿಂದ.
ಬ್ಯಾಗಿನಲ್ಲಿ ಆರು ಪ್ರತಿ ಇತ್ತು. ಸದಾ ಇರುತ್ತದೆ.
ಎಂ.ಎ., ಪಿಎಚ್.ಡಿ., ಅನುಭವದ ಪತ್ರ ಒಂಬತ್ತು,
ಒಂದರಲ್ಲೂ ವರ್ಷ ತುಂಬಿಲ್ಲ.
ತೆಗೆಯಲಿಲ್ಲ. ಬದಲಿಗೆ ಏನೋ ಶುರುಮಾಡಿದೆ:
ಸವೆದ ಶಾಸನಕ್ಕೆ ಹಿಟ್ಟು ಸವರಿದರೆ
ಅಕ್ಷರ ಹೇಗೆ ಒಂದೊಂದಾಗಿ ಏಳುತ್ತದೆ,
ಕಣ್ಣಿಗೆ ಸಿಗದ್ದು ಬೆರಳಿಗೆ ಹೇಗೆ ಸಿಗುತ್ತದೆ,
ಹೊಯ್ಸಳರ ಕೆಲವು ಕಲ್ಲಿನ ಬುಡದಲ್ಲಿ
ಕೆತ್ತಿದವನು ತನ್ನ ಹೆಸರು, ಊರು, ಬಿರುದು ಬರೆದು
ಕೆಲಸ ಮುಗಿಸಿ ಹೋದದ್ದು.

'ಅವುನ್ಗೆ ಕಾಯಂ ಆಗಿತ್ತಾ ಮೇಡಂ?'
ಜವರೇಶ ಕೇಳಿದ.
ಆಗ ಎಲ್ಲರೂ ನಕ್ಕರು. ನಾನೂ.

ಸಂಜೆ ಮೈಸೂರಿನ ಮೆಮು ಗಾಡಿ.
ತೊಡೆಯ ಮೇಲೆ ವರ್ಕ್ ಡೈರಿ, ಗಂಟೆ: ಒಂದು, ವಿಷಯ: ಖಾಲಿ.
ಎಲಿಯೂರು ದಾಟಿದ ಮೇಲೆ ಕಬ್ಬಿನಾಚೆ ಹೊಗೆ,
ಸುಟ್ಟೂ ಸುಡದ ಆ ಸಿಹಿ ವಾಸನೆ.
ಟಣ್ ಅಂತ ಏನೋ ಕೇಳಿಸಿತು.
ಡಬ್ಬಿಗಳ ಕೊಂಡಿ ಇರಬೇಕು.